ಗಿಣಿ ಕಸೂತಿಯ ತಲೆದಿಂಬು

ಮೊನ್ನೆ ಸೊಸೆ ಸುನಂದಾ ಕೊಲ್ಹಾಪುರದ ಅಂಗಡಿಯಿಂದ ಹೊಸ ತಲೆದಿಂಬು ತಂದಳು. ಇದರಿಂದ ಅಲರ್ಜಿ ಆಗುವುದಿಲ್ಲವೆಂದು ಅದರ ಮೇಲೊಂದು ಚೀಟಿ. ತನ್ನ ಗುಣವನ್ನು ತಾನೇ ಹೇಳಿಕೊಳ್ಳುವ ದಿಂಬನ್ನು ನಂಬುವವಳು ನಾನಲ್ಲ. ಮೂಗಿಗೆ ಹಿಡಿದು ನೋಡಿದೆ, ಬರೀ ಅಂಗಡಿಯ ವಾಸನೆ. ಮೂರನೆಯ ದಿನಕ್ಕೇ ಮೊಮ್ಮಗಳು ಸೀನತೊಡಗಿದಳು. "ನಾ ಹೇಳಿದ್ದಿಲ್ಲೇನು? ಇದು ನಿನ್ನ ಪ್ಯಾಟಿ ದಿಂಬಿನ ಕೆಲಸ" ಎಂದುಬಿಟ್ಟೆ. ಸುನಂದಾ ಮಗಳ ಮೂಗು ಒರೆಸಿ ಒಳಗೆ ಕರೆದೊಯ್ದಳು. ನನಗೆ ಗೆದ್ದ ಸಂತೋಷ. ಧೂಳಿನ ವಿಷಯದಲ್ಲಿ ನನಗೆ ಎದುರಾಡುವವರು ನಾನು ಯಾರ ಮಗಳೆಂಬುದನ್ನು ಮೊದಲು ತಿಳಿದುಕೊಳ್ಳಬೇಕು. ನೀವಾದರೂ ಕೇಳಿ.

ಎಪ್ಪತ್ತರ ದಶಕದಲ್ಲಿ ನಾವು ಕೊಲ್ಹಾಪುರದ ಹತ್ತಿರದ ಇಚಲಕರಂಜಿಯ ಶಹಾಪುರದಲ್ಲಿದ್ದೆವು. ಅಪ್ಪ ಮಗ್ಗದ ಶೆಡ್ಡಿನಲ್ಲಿ ನೇಯುತ್ತಿದ್ದ. ಶೆಡ್ಡಿಗೂ ನಮ್ಮ ಎರಡು ಕೋಣೆಗಳಿಗೂ ನಡುವೆ ಒಂದೇ ಗೋಡೆ, ಗೋಡೆಯಲ್ಲೊಂದು ಬಾಗಿಲು. ಹಗಲೂ ರಾತ್ರಿ ಖಟಖಟ. ಆ ಓಣಿಯಲ್ಲಿ ಮೆಲ್ಲಗೆ ಮಾತಾಡುವುದು ಯಾರಿಗೂ ಗೊತ್ತಿರಲಿಲ್ಲ. ಇವತ್ತಿಗೂ ನಾನು ಫೋನು ಹಿಡಿದರೆ ಪಕ್ಕದ ಮನೆಯವರಿಗೆ ನಮ್ಮ ಸಂಸಾರವೆಲ್ಲ ತಿಳಿಯುತ್ತದೆ.

ಬೇರೆಯವರ ಮನೆಯ ಧೂಳು ಕರಿ, ನಮ್ಮದು ಬಿಳಿ. ಮಗ್ಗದ ಕೆಳಗೆ ನೂಲಿನಿಂದ ಉದುರಿದ ಹತ್ತಿಯ ಧೂಳು ಮೆತ್ತಗೆ ಗುಡ್ಡೆ ಬೀಳುತ್ತಿತ್ತು. ಅವ್ವ ಗಡಹಿಂಗ್ಲಜ ಕಡೆಯ ನೂಲ ಎಂಬ ಹಳ್ಳಿಯ ಒಕ್ಕಲುತನದ ಮನೆಯವಳು, ಏನನ್ನೂ ಚೆಲ್ಲಿ ಗೊತ್ತಿಲ್ಲ. ಆ ಧೂಳುಹತ್ತಿಯನ್ನು ಬಳಿದು ತಂದು, ಕಸ ಆರಿಸಿ, ತಲೆದಿಂಬು ತುಂಬುತ್ತಿದ್ದಳು. ಮೇಲೆ ಕೆಂಪು ದಾರದಲ್ಲಿ ಒಂದು ಗಿಣಿ. ಓಣಿಯಲ್ಲಿ ಯಾರದೇ ಮದುವೆಯಾಗಲಿ, ಅವ್ವನ ಆಯೇರಿ ಉಡುಗೊರೆ ಒಂದು ಜೋಡಿ ಗಿಣಿ ದಿಂಬು. ಅವು ಬಂದ ಹೊರತು ಮದುಮಕ್ಕಳ ಹಾಸಿಗೆ ಪೂರ್ತಿಯಾಗುತ್ತಿರಲಿಲ್ಲ. ಇದು ಅವ್ವನಿಗೂ ಚೆನ್ನಾಗಿ ಗೊತ್ತಿತ್ತು.

ನನಗೆ ಒಂಬತ್ತು ವರ್ಷವಾದಾಗ ದಮ್ಮು ಶುರುವಾಯಿತು. ಉಸಿರು ಬಿಟ್ಟರೆ ಎದೆಯೊಳಗೆ ಸೀಟಿ. ಡಾಕ್ಟರು ನನ್ನ ಬೆನ್ನಿಗೆ ಕಿವಿಗೊಟ್ಟು, ಅಪ್ಪನ ತಲೆಯ ಮೇಲಿನ ಬಿಳಿ ಹತ್ತಿ ನೋಡಿ, ಮರಾಠಿಯಲ್ಲಿ "ಮುಲೀಲಾ ಗಾವೀ ಪಾಠವಾ" ಎಂದರು. ಹುಡುಗಿಯನ್ನು ಹಳ್ಳಿಗೆ ಕಳಿಸಿರಿ, ಈ ಧೂಳು ಅವಳಿಗೆ ಆಗದು. ಅಪ್ಪ ನೂಲಕ್ಕೆ, ಸೋದರಮಾವನ ಮನೆಗೆ ಕಳಿಸಲು ತಯಾರಾದ. ನನ್ನ ಬಟ್ಟೆಗಳ ಗಂಟು ಕಟ್ಟಿ ಗೂಟಕ್ಕೆ ತೂಗುಹಾಕಿದ್ದೂ ಆಯಿತು. ಅವ್ವ ಮಾತ್ರ ಒಪ್ಪಲಿಲ್ಲ.

"ದೀಪಾವಳಿ ತನಕ ತಡೀರಿ. ಮನ್ಯಾಗಿಂದ ಧೂಳಿ ಹೊರಗ ಹಾಕತೇನಿ, ಮಗಳನ್ನಲ್ಲ" ಅಂದಳು.

ಅಂದಿನಿಂದ ನಮ್ಮ ಮನೆಯಲ್ಲಿ ಕಸಬರಿಗೆಗೆ ಕೆಲಸ ತಪ್ಪಿತು. ಗುಡಿಸಿದರೆ ಧೂಳು ಏಳುತ್ತದೆ, ಒರೆಸಿದರೆ ಕೂಡುತ್ತದೆ ಎಂದು ಅವ್ವ ತಾನೇ ಕಂಡುಕೊಂಡಳು. ಒದ್ದೆ ಅರಿವೆಯಲ್ಲಿ ದಿನಕ್ಕೆ ಮೂರು ಸಲ ನೆಲ, ಗೋಡೆ, ಮಾಡದೊಳಗಿನ ದೇವರು. ಶೆಡ್ಡಿನ ಬಾಗಿಲಿಗೆ ತೋಯಿಸಿದ ಗೋಣಿತಟ್ಟು. ಅಪ್ಪ ಅಂಗಿ ಝಾಡಿಸಿ, ತಲೆ ಕೊಡವಿ, ಕಟ್ಟೆಯ ಮೇಲೆ ಕೈಕಾಲು ತೊಳೆದೇ ಒಳಗೆ ಬರಬೇಕು. "ನನ್ನ ಮನಿಗೆ ನಾನ ಬೀಗರಂಗ ಆದ್ನೆಲ್ಲ" ಎಂದು ಗೊಣಗಿದರೂ ತೊಳೆಯುತ್ತಿದ್ದ.

ಆದರೂ ಸೀಟಿ ನಿಲ್ಲಲಿಲ್ಲ. ಒರಗಿ ಕೂತರೆ ಉಸಿರು ಹಗುರಾದೀತೆಂದು ಅವ್ವ ನನಗೊಂದು ದೊಡ್ಡ ದಿಂಬು ಹೊಲಿದಳು. ಅದರ ಮೇಲೆ ಎರಡು ಗಿಣಿ. ಸೀಟಿ ಇನ್ನೂ ಜೋರಾಯಿತು. ದೀಪಾವಳಿಗೆ ಹದಿನೈದು ದಿನ ಉಳಿದಿತ್ತು. ನಾನು ಮಲಗಿದಲ್ಲಿಂದಲೇ ಗೂಟದ ಮೇಲಿನ ಗಂಟು ನೋಡುತ್ತಿದ್ದೆ.

ಒಂದು ಬೆಳಿಗ್ಗೆ, ಹಂಚಿನ ನಡುವಿನ ಗಾಜಿನಿಂದ ಬಿಸಿಲಕೋಲು ನೇರ ನನ್ನ ಹಾಸಿಗೆಗೆ ಬಿದ್ದಿತ್ತು. ಅವ್ವ ದಿಂಬನ್ನು ಮೆತ್ತಗೆ ಮಾಡಲೆಂದು ಒಂದು ಗುದ್ದು ಗುದ್ದಿದಳು. ಬಿಸಿಲ ತುಂಬ ಬೆಳ್ಳನೆಯ ಧೂಳೆದ್ದಿತು. ಇನ್ನೊಂದು ಗುದ್ದು. ಮತ್ತಷ್ಟು ಎದ್ದಿತು. ಅವ್ವ ದಿಂಬನ್ನು ನನ್ನಿಂದ ದೂರ ತಳ್ಳಿದಳು. "ಜಗತ್ತೆಲ್ಲ ಒರಸಿದೆ. ನಿನ್ನ ಮೂಗಿನ ಬುಡಕ ನಾನ ತಂದಿಟ್ಟೇನಿ" ಅಂದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅವತ್ತೊಂದೇ ಸಲ.

ಆ ದಿಂಬು ಅಂದೇ ಹೊರಗೆ ಹೋಯಿತು. ಹಳೆಯ ಸೀರೆ ಮಡಚಿ ಹೊಲಿದ, ವಾರಕ್ಕೊಮ್ಮೆ ಒಗೆಯಬಹುದಾದ ದಿಂಬು ಬಂತು. ಹತ್ತು ದಿನದಲ್ಲಿ ನಾನು ಇಡೀ ರಾತ್ರಿ ಮಲಗಿದೆ. ಗೂಟದ ಗಂಟು ಬಿಚ್ಚಿ ಅವ್ವ ನನ್ನ ಲಂಗ ನನಗೇ ಉಡಿಸಿದಳು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಅಪ್ಪನೂ ಅದನ್ನೇ ಹೇಳಿದ. "ಆಯೇರಿ ಮಾಡಿದ್ದನ್ನ ಯಾರರೆ ತಿರಗಿ ಕೇಳತಾರೇನ? ಮಾನ ಹೋಗತೈತಿ."

"ಅವರ ಮನ್ಯಾಗೂ ಹುಡುಗ್ರು ಉಸಿರಾಡತಾವ್ರಿ" ಎಂದು ಅವ್ವ ನನ್ನ ಕೈ ಹಿಡಿದು ಹೊರಟಳು.

ಒಂದೊಂದೇ ಬಾಗಿಲು. ಮಗ್ಗದ ಸದ್ದಿನಲ್ಲಿ ಮೆಲ್ಲಗೆ ಹೇಳಿದರೆ ಕೇಳಿಸುವ ಹಾಗಿಲ್ಲ. ತನ್ನ ತಪ್ಪನ್ನು ಅವ್ವ ಪ್ರತಿ ಹೊಸ್ತಿಲಲ್ಲಿ ಒದರಿ ಹೇಳಬೇಕಾಯಿತು. "ತಪ್ಪು ನಂದೈತಿ ಯಕ್ಕಾ. ನಾ ಕೊಟ್ಟ ದಿಂಬು ತಿರಗಿ ಕೊಡು. ಬ್ಯಾರೆ ಹೊಲದ ಕೊಡತೇನಿ." ಇಡೀ ಓಣಿ ಕೇಳಿತು. ಮೂಲೆಮನೆಯ ಯಲ್ಲವ್ವ, "ಕೊಟ್ಟದ್ದನ್ನ ಕಸಗೊಳ್ಳಾವರನ್ನ ಇವತ್ತ ನೋಡಿದೆ ನೋಡವಾ" ಎಂದು ದಿಂಬನ್ನು ಅಂಗಳಕ್ಕೆ ಎಸೆದಳು. ನಾನು ನಾಚಿಕೆಯಿಂದ ಅವ್ವನ ಸೆರಗಿನ ಹಿಂದೆ ಸರಿದೆ. ಅವ್ವ ಅದನ್ನೆತ್ತಿ ಬಗಲಲ್ಲಿ ಇಟ್ಟುಕೊಂಡು ಮುಂದಿನ ಬಾಗಿಲಿಗೆ ನಡೆದಳು. ಆಮೇಲೆ ಹತ್ತಿ ತೆಗೆದು, ಒಂದೊಂದು ಗಿಣಿ ಚೀಲವನ್ನೂ ಒಗೆದು, ಒಳಗೆ ಸೀರೆ ಮಡಚಿಟ್ಟು ಹೊಲಿದು, ಎಲ್ಲರಿಗೂ ಮುಟ್ಟಿಸಿದಳು. ಯಲ್ಲವ್ವನಿಗೆ ಮೊದಲು. ಅವ್ವ ನನ್ನ ಉಸಿರು ಉಳಿಸಿದಳೆಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಆದರೆ ನನಗೆ ಹೆಚ್ಚಿನ ಹೆಮ್ಮೆ ಅವಳು ಹಾಗೆ ಒದರಿದ್ದರ ಬಗ್ಗೆ.

ಇರಲಿ. ನಿನ್ನೆ ಬೆಳಿಗ್ಗೆ ಸುನಂದಾಳ ದಿಂಬಿನ ಬಣ್ಣ ಬಯಲಿಗೆಳೆಯಲೆಂದು ಅದನ್ನು ಕಿಟಕಿಯ ಬಿಸಿಲಿಗೆ ಹಿಡಿದು ಗುದ್ದಿದೆ. ಏನೂ ಏಳಲಿಲ್ಲ. ಇನ್ನೊಂದು ಗುದ್ದಿದೆ. ಏನೂ ಇಲ್ಲ. ಕೈಗೆ ಮತ್ತೇನು ಸಿಗಬೇಕು? ನನ್ನ ಕೌದಿ. ನಾನೇ ಹೊಲಿದದ್ದು. ಹೊಲಿಗೆ ಬಿಚ್ಚೀತೆಂದು ವರ್ಷಗಳಿಂದ ಯಾರಿಗೂ ಒಗೆಯಗೊಡದೆ, ಪ್ರೀತಿಯಿಂದ ದಿನಾ ಮಧ್ಯಾಹ್ನ ಮೊಮ್ಮಗಳಿಗೆ ಹೊದಿಸುವಂಥದ್ದು. ಅದಕ್ಕೊಂದು ಏಟು ಕೊಟ್ಟೆ. ಕಿಟಕಿ ಕಾಣದ ಹಾಗೆ ಧೂಳೆದ್ದಿತು.

ಯಾರೂ ನೋಡಿರಲಿಲ್ಲ. ಕೌದಿ ಮಡಚಿ ಟ್ರಂಕಿನಲ್ಲಿ ಇಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ಅಡಿಗೆಮನೆಯಲ್ಲಿ ಸುನಂದಾ ಚಟ್ನಿಗೆ ಮಿಕ್ಸರ್ ಹಚ್ಚಿದ್ದಳು, ಮನೆಯೆಲ್ಲ ಗರಗರ. ಅದು ನಿಲ್ಲುವ ತನಕ ಕಾಯ್ದು, ಹತ್ತಿರ ಹೋಗಿ ಮೆಲ್ಲಗೆ ಹೇಳಬಹುದಿತ್ತು.

ಕಾಯಲಿಲ್ಲ. ಕೌದಿಯನ್ನು ಬಗಲಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತು, ಪಕ್ಕದ ಮನೆಗೂ ಕೇಳುವ ಹಾಗೆ ಒದರಿದೆ: "ಸುನಂದಾ, ತಪ್ಪು ನಂದೈತಿ."