ಇಲ್ಲವೆಂದ ಜಾಗದ ಬಾವಿ

ನಾನು ಇಂಗಳೇಶ್ವರದಲ್ಲಿ ಮಾಸ್ತರಿಕೆ ಮಾಡುತ್ತಿದ್ದ ಕಾಲ, ಸಾವಿರದ ಒಂಬೈನೂರ ಅರವತ್ತರ ಆಸುಪಾಸು. ಬಾವಿ ತೋಡಬೇಕೆಂದವರು ಮೊದಲು ಗೈಬುಸಾಬನನ್ನು ಕರೆಯುತ್ತಿದ್ದರು. ಅವನು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲವೆಲ್ಲ ತಿರುಗುವನು. ಕಾಯಿ ಎದ್ದು ನಿಂತರೆ ಕೆಳಗೆ ನೀರಿದೆ. ಮಲಗಿಯೇ ಇದ್ದರೆ ಇಲ್ಲ. ಅದಕ್ಕೆ ಒಂದು ಕಪ್ ಚಹಾ ಬಿಟ್ಟು ಯಾರಿಂದಲೂ ಏನೂ ತೆಗೆದುಕೊಂಡವನಲ್ಲ. ಈ ಕೈಗುಣ ದೇವರು ಕೊಟ್ಟದ್ದು ಎಂಬ ನಂಬಿಕೆಯೇ ಅವನ ದೊಡ್ಡ ಆಸ್ತಿ.

ಅವನು ತೋರಿಸಿದ ಬಾವಿಗಳ ಪಟ್ಟಿಯನ್ನು ನಾನೇ ಬರೆದಿಟ್ಟಿದ್ದೆ: ಇಪ್ಪತ್ತರಲ್ಲಿ ಹದಿನೇಳಕ್ಕೆ ನೀರು. ಒಂದು ದಿನ ಅವನ ಮನೆಯ ಕಟ್ಟೆಯ ಮೇಲೆ ಕುಳಿತು ದೊಡ್ಡ ಶಾಣ್ಯಾನ ಹಾಗೆ ಓದಿದೆ. ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ ದಾವಲಬಿ ಒಳಗಿನಿಂದಲೇ ಕೇಳಿದಳು: “ಮಾಸ್ತರ, ಇವರು ಇಲ್ಲಂದ ಜಾಗಾದಾಗ ಎಷ್ಟು ಬಾವಿ ತೋಡ್ಯಾರ್ರಿ?”

“ಇಲ್ಲಂದ ಮ್ಯಾಲೆ ಯಾರು ತೋಡ್ತಾರವ್ವಾ?”

“ಹಂಗಾದ್ರ ಅಲ್ಲಿ ನೀರಿಲ್ಲಂತ ಹೆಂಗ ಗೊತ್ತಾತ್ರಿ?”

ಟ್ರೇನಿಂಗ್ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವನು ನಾನು! ಒಂದು ಗುಂಪಿನ ಮಕ್ಕಳಿಗೆ ಹೊಸ ಪಾಠ ಕೊಟ್ಟರೆ, ಕೊಡದ ಗುಂಪನ್ನೂ ಪಕ್ಕಕ್ಕಿಟ್ಟು ನೋಡಬೇಕು ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಸುಡಲಿ ನನ್ನ ಓದು.

ಗೈಬುಸಾಬ ನಗಲಿಲ್ಲ. “ಖರೇ ಕೇಳಿದಿ,” ಎಂದು ಹೆಂಡತಿಗೆ ಹೇಳಿ ಎದ್ದ. ಮರುದಿನ ತನ್ನ ಹೊಲದಲ್ಲಿ ಕಾಯಿ ಹಿಡಿದು ತಿರುಗಿ, ಅದು ಮಿಸುಕದ ಒಂದು ಮೂಲೆಗೆ ಗೂಟ ಬಡಿದ. ಇಬ್ಬರು ಆಳುಗಳನ್ನು ಕಟ್ಟಿಕೊಂಡು ಬೇಸಿಗೆಯಿಡೀ ಗಂಡ ಹೆಂಡತಿ ಅಲ್ಲಿಯೇ ತೋಡಿದರು. “ತಲಿ ಕೆಟ್ಟೈತಿ,” ಎಂದಿತು ಊರು. ನೀರು ಬರದಿರಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಅವನೂ ಬೇಡಿಕೊಂಡಿರಬೇಕು.

ಆರು ಆಳುದ್ದದ ಆಳಕ್ಕೆ ನೀರು ಬಂತು. ಊರಿನ ಉಳಿದ ಬಾವಿಗಳಷ್ಟೇ ಆಳ, ಅಷ್ಟೇ ಸಿಹಿ.

ಗೈಬುಸಾಬ ದಂಡೆಯ ಮೇಲೆ ಕುಳಿತು ಅತ್ತುಬಿಟ್ಟ. ನಾನು ಪಕ್ಕದಲ್ಲಿ ಕುಳಿತು, “ಒಂದ ಬಾವಿಯಿಂದ ಏನೂ ಸಾಬೀತ ಆಗೂದಿಲ್ರಿ,” ಎಂದೆ.

“ಹದಿನೇಳರಿಂದ ಸಾಬೀತ ಆಗಿತ್ತಲ್ರಿ, ಮಾಸ್ತರ?” ಎಂದ.

ಊರವರು ಮಾತ್ರ ಹಿಗ್ಗಿ ಬಂದರು. “ಇಲ್ಲಂದಲ್ಲೂ ನೀರು ಎಬ್ಬಿಸಿದ್ರಲ್ರಿ ಗೈಬುಸಾಬ್ರ, ಏನ್ ಕೈಗುಣಾರಿ!” ಇಂಥವರಿಗೆ ಏನು ಹೇಳುವುದು? ಶಂಕರೆಪ್ಪ ಎಂಬ ರೈತ ಅವನನ್ನು ಒತ್ತಾಯದಿಂದ ತನ್ನ ಹೊಲಕ್ಕೆ ಕರೆದೊಯ್ದ. ಗೈಬುಸಾಬ ಕಾಯಿ ಮುಟ್ಟಲಿಲ್ಲ. “ನಿಮಗ ಎಲ್ಲಿ ಅನುಕೂಲ ಐತಿ ಅಲ್ಲೇ ತೋಡ್ರಿ,” ಎಂದ. ಶಂಕರೆಪ್ಪ ಕೈ ಮುಗಿದು, ಅವನು ನಿಂತ ಜಾಗಕ್ಕೇ ಗೂಟ ಬಡಿದ.

ಅಂದಿನಿಂದ ಸಾಯುವತನಕ ಗೈಬುಸಾಬ ಇನ್ನೊಬ್ಬರ ಹೊಲದಲ್ಲಿ ಕಾಲಿಡಲಿಲ್ಲ.