ಪುಸ್ತಕದಲ್ಲಿಲ್ಲದ ಬರ್ಮಾ ಪದಕ

1956ರ ಜನವರಿ 26ರ ಬೆಳಿಗ್ಗೆ, ವಿಲೆ ಪಾರ್ಲೆಯ ಒಂದು ಮೈದಾನದಲ್ಲಿ, ನಮ್ಮ ಪಕ್ಕದ ಖೋಲಿಯ ಡ್ರೈವರ್ ತಮ್ಮ ಎದೆಯ ಮೇಲಿದ್ದ ಪದಕವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಹಾಗೆ ಮಾಡಲು ಹೇಳಿದವರು ಧ್ವಜವಂದನೆಗೆ ಮಾಜಿ ಸೈನಿಕರನ್ನು ಸಾಲಿನಲ್ಲಿ ನಿಲ್ಲಿಸುತ್ತಿದ್ದ ಒಬ್ಬ ಅಧಿಕಾರಿ. ಸೈನ್ಯದಿಂದ ಬಿಡುವಾಗ ಡ್ರೈವರರಿಗೆ ಕೊಟ್ಟಿದ್ದ ಬಿಡುಗಡೆ ಪುಸ್ತಕದಲ್ಲಿ ಆ ಪದಕದ ಉಲ್ಲೇಖ ಇರಲಿಲ್ಲ.

ಇದು ನೆನಪಾದದ್ದು ಹೋದ ವಾರ. ಮುಲುಂಡ್‌ನ ನಮ್ಮ ಬಿಲ್ಡಿಂಗಿನಲ್ಲಿ ದೀಪಾವಳಿಗೆಂದು ವಾಚ್‌ಮನ್ ಬಾಗಿಲುಗಳ ಮೇಲಿನ ಹಿತ್ತಾಳೆಯ ಹೆಸರಿನ ಫಲಕಗಳನ್ನು ಉಜ್ಜುತ್ತಿದ್ದ. ಮೆಟ್ಟಿಲು ಹತ್ತುತ್ತಿದ್ದಾಗ ಆ ಪಾಲಿಶಿನ ವಾಸನೆ ಮೂಗಿಗೆ ಬಡಿಯಿತು. ಪಾರ್ಲೆಯ ಚಾಳಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಬರುತ್ತಿದ್ದ ವಾಸನೆ ಅದೇ. ಗ್ಯಾಲರಿಯಲ್ಲಿ ಮಣೆ ಹಾಕಿ ಕೂತು, ಹಳೆಯ ಬನಿಯನ್ನಿನ ಚೂರಿನಿಂದ ಡ್ರೈವರ್ ಆರು ಮೂಲೆಯ ನಕ್ಷತ್ರದಂತಿದ್ದ ಆ ಪದಕವನ್ನು ಉಜ್ಜುತ್ತಿದ್ದರು. ಮೂಲೆ ಮೂಲೆಯನ್ನೂ ಬೇರೆ ಬೇರೆಯಾಗಿ...

ಅವರು ಉಡುಪಿ ಕಡೆಯವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾದಲ್ಲಿ ಸೈನ್ಯದ ಲಾರಿ ಓಡಿಸಿದ್ದರು, ಆಮೇಲೆ ಕಾಂದಿವಲಿಯ ಒಂದು ಕಾರ್ಖಾನೆಯ ಲಾರಿ. ನಾನು ಧಾರವಾಡದಿಂದ ಬಂದು ಫೋರ್ಟಿನ ಒಂದು ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಇಬ್ಬರ ಖೋಲಿಗಳ ನಡುವೆ ಇದ್ದದ್ದು ಹಲಗೆಯ ಗೋಡೆ. ಅವರ ಕೆಮ್ಮು ನಮಗೆ, ನಮ್ಮ ಜಗಳ ಅವರಿಗೆ ಕೇಳುತ್ತಿತ್ತು. ಕಡಿಮೆ ಮಾತಿನ ಮನುಷ್ಯ. ಯುದ್ಧದ ಬಗ್ಗೆ ಕೇಳಿದರೆ ರಸ್ತೆಯ ಬಗ್ಗೆ ಹೇಳುತ್ತಿದ್ದರು. ಕೆಸರು, ತಿರುವು, ಎದುರಿನಿಂದ ಗಾಯಾಳುಗಳನ್ನು ಹೇರಿಕೊಂಡು ಬರುವ ಲಾರಿಗೆ ದಾರಿ ಬಿಡುವುದು. ಅಷ್ಟೆ.

ಮೈದಾನದ ಸುದ್ದಿ ಅವರಿಗಿಂತ ಮೊದಲೇ ಚಾಳಿಗೆ ಬಂದು ತಲುಪಿತ್ತು. ಕೆಳಗಿನ ಹೋಟೆಲಿನ ಮಾಲೀಕರೂ ಅವರ ಕಡೆಯವರೇ. ಗಲ್ಲೆಯಲ್ಲಿ ಕೂತಲ್ಲಿಂದಲೇ ಎಲ್ಲರಿಗೂ ಕೇಳುವಂತೆ ಹೇಳಿದರು: "ಏನು ಜನರಲ್ರೇ, ಚೋರ್ ಬಜಾರಿನಲ್ಲಿ ಮೆಡಲು ಸೇರಿನ ಲೆಕ್ಕದಲ್ಲಿ ಸಿಗ್ತದಂತೆ. ನಮಗೂ ಒಂದು ತನ್ನಿ ಮಾರಾಯ್ರೆ, ಗಣಪತಿಗೆ ಹಾಕುವ." ಕೂತವರು ನಕ್ಕರು. ಡ್ರೈವರ್ ಚಹಾ ಮುಗಿಸಿ, ಲೋಟ ಮೇಜಿನ ಮೇಲಿಟ್ಟು ಎದ್ದುಬಂದರು. ಆ ಹೋಟೆಲಿಗೆ ಮತ್ತೆ ಕಾಲಿಡಲಿಲ್ಲ.

ಅದೇ ಸಂಜೆ ನನ್ನ ಬಾಗಿಲಿಗೆ ಬಂದರು. ಕೈಯಲ್ಲಿ ಬಿಡುಗಡೆ ಪುಸ್ತಕ, ಪದಕದ ಡಬ್ಬಿ. ಯುದ್ಧ ಮುಗಿದ ಮೇಲೆ ಪದಕ ಅಂಚೆಯಲ್ಲಿ ಊರಿಗೆ ಬಂದಿತ್ತಂತೆ. ಬಂದ ಲಕೋಟೆಯನ್ನು ಯಾರೂ ಉಳಿಸಿಕೊಂಡಿರಲಿಲ್ಲ.

"ನೀವು ಇಂಗ್ಲಿಷ್ ಬರೆಯುವವರಲ್ಲವಾ, ಪೇಪರಿನವರೇ," ಅಂದರು. "ನನಗೆ ಹೊಸ ಮೆಡಲ್ ಬೇಡ. ಇದು ಪುಸ್ತಕದಲ್ಲಿ ಬರಬೇಕು. ಅದು ಬರುವವರೆಗೆ ನಾನು ಇದನ್ನು ಎದೆಗೆ ಹಾಕುವುದಿಲ್ಲ."

ಸೈನ್ಯದ ದಾಖಲೆ ಕಚೇರಿಗೆ ಅರ್ಜಿ ಬರೆದೆವು. ಮಳೆಗಾಲಕ್ಕೆ ಮುಂಚೆ ಉತ್ತರ ಬಂತು. ಫೋರ್ಟಿನಲ್ಲಿ ಮಾಜಿ ಸೈನಿಕರ ಅರ್ಜಿಗಳನ್ನು ನೋಡುವ ಒಂದು ಸಣ್ಣ ಕಚೇರಿ ಇತ್ತು. ಅಲ್ಲಿನ ಕ್ಲಾರ್ಕ್ ಅದನ್ನು ಓದಿ ತಿಳಿಸಿ ಹೇಳಿದ. ಅರ್ಜಿದಾರ ಸೈನ್ಯಕ್ಕೆ ಸೇರಿದ್ದೂ ಬಿಡುಗಡೆಯಾದದ್ದೂ ನಿಜ, ಆದರೆ ಅವನು ಬರ್ಮಾಕ್ಕೆ ಹೋದ ದಾಖಲೆ ಇಲ್ಲ. ಅದೇ ಹೆಸರಿನ ಇನ್ನೊಬ್ಬ, ಬೇರೆ ತಂದೆಯ ಮಗ, ಬರ್ಮಾಕ್ಕೆ ಹೋಗಿದ್ದಾನೆ. ಪದಕ ಅವನದು. ಅವನು ಬಿಡುಗಡೆಯಾದ ದಾಖಲೆ ಸಿಕ್ಕಿಲ್ಲ. ಸೈನಿಕರ ಸಂಖ್ಯೆಯಿಂದ ಹೊಂದಿಸಿ ನೋಡೋಣವೆಂದರೆ ಬರ್ಮಾದ ಆ ಹಾಳೆಗಳು ನೀರಿನಲ್ಲಿ ನೆನೆದು ಸಂಖ್ಯೆಗಳೇ ಅಳಿಸಿಹೋಗಿದ್ದವು.

ಲೋಕಲ್ ಹಿಡಿದು ಹಿಂತಿರುಗುವಾಗ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಇತ್ತು. ಹೋಟೆಲಿನವರ ತಮಾಷೆ ತಮಾಷೆಯಲ್ಲದಿದ್ದರೆ? ಪತ್ರಿಕೆಯವನಿಗೆ ಎರಡು ಹೆಸರು ಕಂಡರೆ ಮೊದಲು ಬರುವುದು ಅನುಮಾನ. ಅಂದು ಸಂಜೆ ನೇರವಾಗಿಯೇ ಕೇಳಿದೆ.

"ಅಲ್ರೀ, ನಿಮ್ಮಪ್ಪನ ಹೆಸರು ಖರೇ ಯಾವ್ದು? ಅಲ್ಲೊಂದು ಐತಿ, ಇಲ್ಲೊಂದು ಐತಿ."

"ಎರಡೂ ನಾನೇ ಹೇಳಿದ್ದು," ಅಂದರು. "ಅವರು ಕೇಳಿದ್ದಕ್ಕೆ ಹೇಳಿದ್ದು."

ಆಮೇಲೆ ನಿಧಾನವಾಗಿ ವಿವರಿಸಿದರು. ಮಂಗಳೂರಿನಲ್ಲಿ ಸೈನ್ಯಕ್ಕೆ ಸೇರಿಸಿಕೊಂಡ ಗುಮಾಸ್ತ ಆ ಊರಿನವನೇ. ಅವನು ತುಳುವಿನಲ್ಲಿ ಕೇಳಿದ್ದು "ಏರೆನ ಇಲ್ಲ್?" ಎಂದು, ಯಾರ ಮನೆಯವನು ನೀನು ಎಂದು. ಡ್ರೈವರರ ಕಡೆ ಮನೆತನ ತಾಯಿಯಿಂದ ನಡೆಯುತ್ತದೆ, ಮನೆಯ ಯಜಮಾನ ತಾಯಿಯ ಅಣ್ಣ. ಇವರು ಸೋದರಮಾವನ ಹೆಸರು ಹೇಳಿದರು, ಅವನು ಬರೆದುಕೊಂಡ. ಅವನಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ. ಎರಡು ವರ್ಷದ ಮೇಲೆ ಅಸ್ಸಾಮಿನಲ್ಲಿ ಇವರನ್ನೂ ಕೆಲವು ಚಾಲಕರನ್ನೂ ಬರ್ಮಾಕ್ಕೆ ಹೊರಟಿದ್ದ ಬೇರೊಂದು ತುಕಡಿಗೆ ಒಪ್ಪಿಸಿದಾಗ ಬರೆದುಕೊಂಡವನು ಮರಾಠಿಯವನು. ಅವನು ಕೇಳಿದ್ದು "ಬಾಪಾಚಂ ನಾವ್?" ಅಪ್ಪನ ಹೆಸರು ಕೇಳಿದ್ದಕ್ಕೆ ಇವರು ಅಪ್ಪನ ಹೆಸರನ್ನೇ ಹೇಳಿದರು. ಇಬ್ಬರು ಗುಮಾಸ್ತರೂ ಬರೆದದ್ದು ತಂದೆಯ ಹೆಸರಿನ ಒಂದೇ ಖಾನೆಯಲ್ಲಿ. ಬಿಡುಗಡೆಯಾದದ್ದು ಮಂಗಳೂರಿನ ಮೊದಲ ದಾಖಲೆಯ ಮೇಲೆ. ಯುದ್ಧ ಮುಗಿಯುವ ಹೊತ್ತಿಗೆ ಕಾಗದದ ಮೇಲೆ ಇಬ್ಬರು ಮನುಷ್ಯರಾಗಿದ್ದರು. ಒಬ್ಬ ಬರ್ಮಾಕ್ಕೆ ಹೋಗಲೇ ಇಲ್ಲ. ಇನ್ನೊಬ್ಬ ಅಲ್ಲಿಂದ ಬರಲೇ ಇಲ್ಲ.

ಧಾರವಾಡದ ನನಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಕೆಲಸ ಸುಲಭ ಅನ್ನಿಸಿತು. ಕ್ಲಾರ್ಕ್ ಕೂಡ ಹಾಗೆಯೇ ಅಂದ. ಸೇರುವಾಗ ತಂದೆಯ ಹೆಸರನ್ನು ತಪ್ಪಾಗಿ ಕೊಟ್ಟಿದ್ದೆ, ಅದನ್ನು ತಿದ್ದಬೇಕು ಎಂದು ಬರೆದುಕೊಟ್ಟರೆ ಆಯಿತು. ಅಂಥವು ಬೇಕಾದಷ್ಟು ಬರುತ್ತವೆ, ಬೇಗ ಮುಗಿಯುತ್ತದೆ. ನಾನು ಟೈಪ್ ಮಾಡಿಸಿ ತಂದೆ, ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದೆ. 'ತಪ್ಪಾಗಿ' ಎಂಬಲ್ಲಿಗೆ ಬಂದಾಗ ಅವರು ಪೆನ್ನು ಕೆಳಗಿಟ್ಟರು.

"ಇದು ಬೇಡ."

ಒಂದು ಶಬ್ದ, ಅಷ್ಟೇ ಅಲ್ಲವೇ ಎಂದೆ. ಒಳಗಿನಿಂದ ಅವರ ಹೆಂಡತಿಯೂ ಅಂದರು: "ಸಹಿ ಹಾಕಿ ಬಿಡಿ. ಮಾವ ಹೋಗಿ ಎಷ್ಟು ವರ್ಷ ಆಯ್ತು. ಅವರು ಬಂದು ಕೇಳ್ತಾರಾ?"

ಡ್ರೈವರ್ ನನ್ನ ಕಡೆ ತಿರುಗಿ ಅಂದರು: "ನನ್ನನ್ನು ಸಾಕಿದ್ದು ಮಾವ. ನಾನು ಬರ್ಮಾದಲ್ಲಿರುವಾಗ ಸತ್ತರು. ಮಾವ ಸತ್ತರೆ ಅಳಿಯ, ತಂಗಿಯ ಮಗ, ಮಾಡುವ ಕ್ರಿಯೆ ನಮ್ಮಲ್ಲಿ ಉಂಟು, ಅದಕ್ಕೂ ನಾನು ಇರಲಿಲ್ಲ. ಈಗ ಸರ್ಕಾರಕ್ಕೆ, ಅವರ ಹೆಸರು ತಪ್ಪು ಅಂತ ನನ್ನ ಕೈಯಿಂದ ಬರೆದು ಕೊಡ್ಲಾ?" ಹಾಳೆಯನ್ನು ನನ್ನ ಕಡೆ ಸರಿಸಿ ಅಂದರು: "ಮೆಡಲ್ ಡಬ್ಬಿಯಲ್ಲೇ ಇರಲಿ. ಅವಸರ ಇಲ್ಲ."

ಟೈಪ್ ಮಾಡಿಸಿದ ಹಾಳೆಯನ್ನು ನಾನು ಮಡಚಿ ಜೇಬಿಗೆ ಹಾಕಿಕೊಂಡೆ. ಮುಂದಿನ ಭಾನುವಾರವೂ ಗ್ಯಾಲರಿಯಲ್ಲಿ ಪಾಲಿಶಿನ ವಾಸನೆ ಬಂತು. ಹಾಕಿಕೊಳ್ಳದ ಪದಕವನ್ನು ಅವರು ಉಜ್ಜುತ್ತಲೇ ಇದ್ದರು.

ಎರಡೂ ಹೆಸರು ನಿಜ ಎಂದು ಹೇಳಬಲ್ಲ, ಕಚೇರಿ ಒಪ್ಪಬಲ್ಲ ಒಬ್ಬರು ಬೇಕಿತ್ತು. ನಮ್ಮ ಪತ್ರಿಕೆಯಲ್ಲಿ ಅಚ್ಚಿನ ಮೊಳೆ ಜೋಡಿಸುವ ಕಂಪಾಸಿಟರ್ ಒಬ್ಬನಿಂದ ಗೊತ್ತಾಯಿತು, ಮಂಗಳೂರಿನ ನ್ಯಾಯಾಲಯದಲ್ಲಿ ಶಿರಸ್ತೇದಾರರಾಗಿದ್ದ ಹಿರಿಯರೊಬ್ಬರು ಮಗಳ ಜೊತೆ ಮುಲುಂಡ್‌ನಲ್ಲಿದ್ದಾರೆ ಎಂದು. ಪಾರ್ಲೆಯಿಂದ ದಾದರ್, ದಾದರಿನ ಸೇತುವೆ ದಾಟಿ ಇನ್ನೊಂದು ಲೋಕಲ್. ಆಗಿನ ಮುಲುಂಡ್ ಇಷ್ಟು ಬೆಳೆದಿರಲಿಲ್ಲ, ಸ್ಟೇಷನ್ನಿನಿಂದ ಸ್ವಲ್ಪ ನಡೆದರೆ ಹುಲ್ಲು. ಡ್ರೈವರ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ದಾರಿಯುದ್ದಕ್ಕೂ ಡಬ್ಬಿಯನ್ನು ಕೈಯಿಂದ ಬಿಡಲಿಲ್ಲ.

ಹಿರಿಯರು ಕನ್ನಡಕ ಏರಿಸಿ ಎರಡೂ ಕಾಗದ ಓದಿದರು. ಮೊದಲು ಕೇಳಿದ್ದು ಮನೆಯ ಹೆಸರು, ಆಮೇಲೆ ಊರು, ಆಮೇಲೆ ಮಾವನಿಗೆ ಎಷ್ಟು ಜನ ತಂಗಿಯರು ಎಂದು. ತುಳುವಿನಲ್ಲಿ ನಡೆದ ಮಾತು ನನಗೆ ಅರ್ಧ ಮಾತ್ರ ತಿಳಿಯಿತು. ಕೊನೆಗೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು: "ಇದರಲ್ಲಿ ತಿದ್ದಲಿಕ್ಕೆ ಎಂತ ಉಂಟು? ಇಬ್ಬರು ಗುಮಾಸ್ತರೂ ಸರಿಯೇ ಬರೆದಿದ್ದಾರೆ. ಸೇರಿಸಿ ಓದುವವ ಇಲ್ಲ, ಅಷ್ಟೆ."

ಅವರೇ ಹೇಳಿಕೆ ಬರೆದರು. ಈ ಜನರಲ್ಲಿ ಮನೆತನ ತಾಯಿಯ ಕಡೆಯಿಂದ ಬರುತ್ತದೆ, ಪಾಲಕನೆಂದು ಸೋದರಮಾವನ ಹೆಸರು ಹೇಳುವುದು ರೂಢಿ, ನ್ಯಾಯಾಲಯಗಳೂ ಅದನ್ನು ಒಪ್ಪಿವೆ ಎಂದು. ಊರಿನ ಪಟೇಲರಿಗೆ ಬರೆದು, ಆ ಮನೆಯಿಂದ ಸೈನ್ಯಕ್ಕೆ ಹೋದವನು ಒಬ್ಬನೇ ಎಂದು ಸಹಿ ತರಿಸಿದರು. ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಲು ಆ ವಯಸ್ಸಿನಲ್ಲಿ ಲೋಕಲ್ ಹತ್ತಿ ಬಂದರು. ಹೊಸ ಅರ್ಜಿಯಲ್ಲಿ 'ತಪ್ಪು' ಎಂಬ ಪದ ಎಲ್ಲಿಯೂ ಇರಲಿಲ್ಲ. ಫೋರ್ಟಿನ ಕ್ಲಾರ್ಕ್ ಅದನ್ನು ಓದಿ, ಇಂಥದ್ದು ನಡೆಯುವುದಿಲ್ಲ ಎಂದು ತಲೆಯಾಡಿಸಿದ. ತೆಗೆದುಕೊಳ್ಳಿ, ಬೇಡವೆಂದಾದರೆ ಬೇಡವೆಂದು ಬರೆದುಕೊಡಿ ಎಂದೆ. ತೆಗೆದುಕೊಂಡ.

ಒಮ್ಮೆ ತಿರಸ್ಕಾರವಾಯಿತು. ಅದೇ ಕಾಗದಗಳನ್ನು ಮತ್ತೆ ಕಳಿಸಿದೆವು. ಈ ನಡುವೆ ಎರಡು ಗಣರಾಜ್ಯ ದಿನಗಳು ಬಂದುಹೋದವು. ಎರಡು ಸಲವೂ ಡ್ರೈವರ್ ಬರಿಯ ಅಂಗಿಯಲ್ಲಿ ಹೋಗಿ ಕೊನೆಯ ಸಾಲಿನಲ್ಲಿ ನಿಂತು ಬಂದರು.

1958ರ ಮಳೆಗಾಲ ಮುಗಿಯುವಾಗ ಆದೇಶ ಬಂತು, ಜೊತೆಗೆ ಹೊಸದಾಗಿ ಬರೆದ ಬಿಡುಗಡೆ ಪುಸ್ತಕ. ಎರಡೂ ದಾಖಲೆ ಒಬ್ಬನವೇ. ತಂದೆಯ ಹೆಸರಿನ ಎದುರಿಗೆ ಸೋದರಮಾವನ ಹೆಸರು, 'ಪಾಲಕ' ಎಂದು. ಪದಕಗಳ ಪುಟದಲ್ಲಿ ಬರ್ಮಾ ಸ್ಟಾರ್. ಡ್ರೈವರ್ ಅದನ್ನು ನನ್ನಿಂದ ಓದಿಸಿ, ಮಾವನ ಹೆಸರಿದ್ದ ಸಾಲನ್ನು ಬೆರಳಿಟ್ಟು ತೋರಿಸಲು ಹೇಳಿದರು. ಹೆಂಡತಿಯನ್ನು ಕರೆದು ಅವರಿಗೂ ತೋರಿಸಿದರು.

ಮುಂದಿನ ಜನವರಿ 26ಕ್ಕೆ ಪದಕ ಹಾಕಿ, ಪುಸ್ತಕವನ್ನು ಜೇಬಿನಲ್ಲಿಟ್ಟುಕೊಂಡು ಮೈದಾನಕ್ಕೆ ಹೋದರು. ನಾನೂ ಜೊತೆಗಿದ್ದೆ. ಅಲ್ಲಿದ್ದ ಅಧಿಕಾರಿ ಬೇರೆಯವರು, ಪುಸ್ತಕವನ್ನು ಕೇಳಲಿಲ್ಲ. ಡ್ರೈವರ್ ತಾವೇ ತೆಗೆದು ಆ ಪುಟವನ್ನು ಅವರ ಮುಂದೆ ಹಿಡಿದರು. ಅವರು ಏಕೆಂದು ತಿಳಿಯದೆ ಓದಿ, ಸೈನಿಕರ ಮುಂದಿನ ಸಾಲಿನಲ್ಲಿ ನಿಲ್ಲುವಂತೆ ಕೈ ತೋರಿಸಿದರು. ಹಿಂತಿರುಗುವಾಗ ಡ್ರೈವರ್ ಕೆಳಗಿನ ಹೋಟೆಲನ್ನು ಹೊಕ್ಕರು. ಗಲ್ಲೆಯ ಎದುರಿನ ಕುರ್ಚಿಯಲ್ಲೇ ಕೂತು ಚಹಾ ಹೇಳಿದರು. ಮಾಲೀಕರು ಪದಕವನ್ನು ನೋಡಿದರು. ಚಹಾವನ್ನು ತಾವೇ ತಂದಿಟ್ಟರು.

ಚಾಳು ಬಿಟ್ಟು ನಾನು ಮುಲುಂಡ್‌ಗೆ ಬಂದೆ. ಮೊದಲು ಹಬ್ಬಕ್ಕೊಮ್ಮೆ ಹೋಗುತ್ತಿದ್ದೆ, ಆಮೇಲೆ ಅದೂ ನಿಂತಿತು. ಅವರು ತೀರಿಕೊಂಡದ್ದು ನನಗೆ ತಿಳಿದಾಗ ತಿಂಗಳುಗಳೇ ಕಳೆದಿದ್ದವು. ಪತ್ರಿಕೆಯಲ್ಲಿ ಎರಡು ಸಾಲು ಹಾಕಿಸುವ ಹೊತ್ತೂ ಮೀರಿತ್ತು.

ವಾಚ್‌ಮನ್ ನಮ್ಮ ಫಲಕ ಉಜ್ಜಿ ಹೋದ ಸಂಜೆ ಹಳೆಯ ಪರಿಚಯದವರಿಗೆಲ್ಲ ಫೋನ್ ಮಾಡಿ ಡ್ರೈವರರ ಮನೆಯವರ ಬಗ್ಗೆ ವಿಚಾರಿಸಿದೆ. ಹೆಂಡತಿ ಇಲ್ಲ. ಮಗ ಪಾರ್ಲೆಯಲ್ಲೇ ಇದ್ದಾನೆ. ಪದಕ ತನ್ನ ಬಳಿ ಇಲ್ಲವೆಂದು ಅವನು ಒಂದು ನಂಬರು ಕೊಟ್ಟ. ಆ ಕಡೆಯಿಂದ ಮಾತಾಡಿದವನ ಕನ್ನಡ ಹಿಂದಿ ಬೆರೆತು ತಡೆತಡೆದು ಬರುತ್ತಿತ್ತು: "ಹಾಂ ಅಂಕಲ್, ಮಾವಂದು ಮೆಡಲ್ ನನ್ನ ಹತ್ರ ಇದೆ. ಅವರೇ ದಿಯಾ ಥಾ, ಕೊಟ್ಟಿದ್ದು. ನೀವು ಬನ್ನಿ ನಾ, ನೋಡಿ."

ಪದಕ ಕಾಂದಿವಲಿಯಲ್ಲಿ, ಡ್ರೈವರರ ತಂಗಿಯ ಮಗನ ಮನೆಯಲ್ಲಿದೆ.