ಕುದಿಸಿ ಆರಿಸಿ ಕೊಟ್ಟ ನೀರು

ಬಾಯಾರು ಎಂಬ ಊರಿಗೆ ಹೋಗುವ ಮೊದಲ ಬಸ್ಸು ಬರಲು ಇನ್ನೂ ಸ್ವಲ್ಪ ಹೊತ್ತುಂಟು. ಸ್ಟಾಪಿನ ಕಲ್ಲುಬೆಂಚಿನಲ್ಲಿ ಕೂತ ಉಜ್ವಲಾ, ಮುಖವನ್ನೇ ನೋಡದ ಯಾರೋ ಸಂಶೋಧಕರಿಗೆ ಮೊಬೈಲಿನಲ್ಲಿ ಪತ್ರ ಬರೆಯುತ್ತಿದ್ದಾರೆ. ‘ನೀವು ಆಧಾರವಾಗಿ ಕೊಟ್ಟ ಪ್ರಬಂಧ ತಪ್ಪು. ಪ್ರಕಟಿಸಿದ ಪತ್ರಿಕೆಯೇ ಅದನ್ನು ಹಿಂಪಡೆದಿದೆ. ದಯವಿಟ್ಟು ಬಿಟ್ಟುಬಿಡಿ.’ ಕಳಿಸಿದವರೇ ಮುಂದಿನ ಹೆಸರು ಹುಡುಕುತ್ತಾರೆ.

ಉಪ್ಪಳದ ನೀರು ಪರೀಕ್ಷಾ ಲ್ಯಾಬೊಂದರಲ್ಲಿ ಅವರು ಟೆಕ್ನೀಷಿಯನ್. ಈ ಪತ್ರದ ಕೆಲಸಕ್ಕೆ ಸಂಬಳವಿಲ್ಲ. “ಇನ್ನೂರು ಬರೆದಿರಬಹುದು. ಉತ್ತರ ಕೊಟ್ಟವರು ಹತ್ತು ಜನ ಇಲ್ಲ. ಒಬ್ಬರಂತೂ ‘ನೀವು ಯಾರು ಹೇಳ್ಲಿಕ್ಕೆ’ ಅಂತ ಕೇಳಿದ್ರು ಮಾರಾಯ್ರೆ!” ಎಂದು ಪಕ್ಕದಲ್ಲಿ ಕೂತ ನನ್ನತ್ತ ತಿರುಗಿ ನಗುತ್ತಾರೆ.

ಕಥೆ ಹತ್ತು ವರ್ಷದ ಹಿಂದಿನದು. ಗುಡ್ಡವನ್ನು ಅಡ್ಡ ಕೊರೆದು ನೀರು ತರುವ ಸುರಂಗಗಳು ಈ ಕಡೆ ಬೇಕಾದಷ್ಟು. ಆ ನೀರು ಎಷ್ಟು ಶುದ್ಧ ಎಂದು ನೋಡಲು ಹೊರಟ ತಂಡದಲ್ಲಿ ಉಜ್ವಲಾ ಬಾಟಲಿ ಹಿಡಿದು ಮನೆಮನೆಗೆ ಹೋಗುವ ಸಹಾಯಕಿ. ಅವರು ಜಗಲಿಯಲ್ಲಿ ಬೆಲ್ಲ ಮೆಲ್ಲುತ್ತ ಕೂತಿದ್ದರೆ ಮನೆಯವರು ಬಾಟಲಿಯನ್ನು ಒಳಗೆ ಒಯ್ದು ತುಂಬಿಸಿ ತಂದುಕೊಟ್ಟರು. ನೀರು ಸ್ವಚ್ಛ, ಕುದಿಸದೆ ಕುಡಿಯಬಹುದು ಎಂದು ಪ್ರಬಂಧ ಅಚ್ಚಾಯಿತು.

ಮರುವರ್ಷ ಅಂಥದ್ದೊಂದು ಮನೆಯ ಸುಂದರಿಯಕ್ಕ ಮಾತಿಗೆ ಮಾತು ಬಂದು ಗುಟ್ಟು ಬಿಟ್ಟರು. “ಪರೀಕ್ಷೆಗೆ ಅಂತ ಮನೆವರೆಗೆ ಬಂದವರಿಗೆ ಹಸಿ ನೀರು ಕೊಡ್ಲಿಕ್ಕೆ ಆಗ್ತದಾ? ಮರ್ಯಾದೆ ಎಂತ ಆಗ್ಬೇಕು? ಕುದಿಸಿ ಆರಿಸಿಯೇ ಕೊಟ್ಟದ್ದು.” ವಿಚಾರಿಸಿದರೆ ಬೇರೆ ಮನೆಗಳಲ್ಲೂ ಅದೇ ಉಪಚಾರ. ಕೇಳುತ್ತ ನನಗೆ ನಗು ತಡೆಯಲಾಗುವುದಿಲ್ಲ, ಉಜ್ವಲಾ ನಗುವುದಿಲ್ಲ. “ಅವರದ್ದು ತಪ್ಪಲ್ಲ. ಸುರಂಗದ ಬಾಯಿಗೆ ನಾನೇ ಹೋಗ್ಬೇಕಿತ್ತು.”

ತಂಡದವರು ಸುಮ್ಮನಿರು ಎಂದರು. ಇವರು ಹಟ ಬಿಡದೆ ಪ್ರಬಂಧ ಹಿಂಪಡೆಯುವಂತೆ ಮಾಡಿದರು, ತಂಡದ ಕೆಲಸ ಕಳೆದುಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಅಚ್ಚಾದದ್ದರ ಗತಿ ಅದಕ್ಕಿಂತ ಕಷ್ಟ. ಒಬ್ಬರು ಉಲ್ಲೇಖಿಸಿದ್ದನ್ನು ನೋಡಿ ಇನ್ನೊಬ್ಬರು ಉಲ್ಲೇಖಿಸುತ್ತಾರೆ. ಮೂಲವನ್ನು ತೆರೆದು ನೋಡುವ ಪುರಸೊತ್ತು ಯಾರಿಗೂ ಇಲ್ಲ.

ಕಳೆದ ಮಳೆಗಾಲ ದೇಲಂಪಾಡಿ ಕಡೆಯ ಅಂಗನವಾಡಿಯೊಂದರ ಗೋಡೆಯಲ್ಲಿ ಕರಪತ್ರ ಕಂಡರು: ‘ಸುರಂಗದ ನೀರನ್ನು ಕುದಿಸಬೇಕಾಗಿಲ್ಲ.’ ಕೆಳಗೆ ಅದೇ ಪ್ರಬಂಧದ ಹೆಸರು. ಮಕ್ಕಳು ಹಸಿ ನೀರನ್ನೇ ಕುಡಿಯುತ್ತಿದ್ದರು. ಇಬ್ಬರಿಗೆ ಕಾಮಾಲೆಯಾಗಿತ್ತು. “ಆ ನೀರಿಂದಲೇ ಬಂದದ್ದಾ ಗೊತ್ತಿಲ್ಲ. ಅಲ್ಲ ಅಂತ ಹೇಳ್ಲಿಕ್ಕೂ ಧೈರ್ಯ ಇಲ್ಲ.” ಟೀಚರಿಗೆ ಹೇಳಿ ಕರಪತ್ರ ಕೀಳಿಸಿದರು. ದಿನಾ ಪತ್ರ ಬರೆಯುವುದು ಶುರುವಾದದ್ದು ಅಂದಿನಿಂದ.

ಇಷ್ಟೆಲ್ಲ ಮಾಡಿ ನಿಮಗೆ ಬೇಕಾದದ್ದು ಎಂತ ಎಂದು ಕೇಳುತ್ತೇನೆ.

“ನನ್ನ ಹೆಸರು ಅಚ್ಚಾದದ್ದು ಆ ಒಂದು ಪ್ರಬಂಧದಲ್ಲಿ ಮಾತ್ರ. ಅಮ್ಮ ಅದಕ್ಕೆ ಫ್ರೇಮ್ ಹಾಕಿಸಿ ಚಾವಡಿಯಲ್ಲಿ ಇಟ್ಟಿದ್ದಾರೆ, ತೆಗೀಲಿಕ್ಕೆ ಬಿಡುದಿಲ್ಲ. ಉಳಿದವರೆಲ್ಲ ಮರೆತುಬಿಟ್ರೆ ಸಾಕು ನಂಗೆ.”